ಕಾರ್ಯಕ್ರಮ ಅವರದು, ಓಡಾಟ ನಮ್ಮದು: ಸಂಘ ಸಂಸ್ಥೆಗಳಿಗೆ ಕಾರ್ಯಕ್ರಮ ಮಾಡಿಕೊಡುವ ಕಾಲೇಜು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಭೇಟಿಗೆ ಹೋಗುವಾಗ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಬ್ಯಾನರ್ ಡಿಸೈನ್ ಬೇಡ, ಅತಿಥಿಗಳ ಪಟ್ಟಿ ಬೇಡ, ತಾರೀಕೂ ಬೇಡ. ಎಲ್ಲವನ್ನೂ ಕಾಲೇಜಿನಲ್ಲೇ ಕೂತು ನಿಶ್ಚಯ ಮಾಡಿಕೊಂಡು ಹೋದರೆ ಅಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ನಾನು ಉತ್ತರ ಕನ್ನಡ ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಪ್ರತಿ ವರ್ಷ ಹೊರಗಿನ ಒಂದೆರಡು ಸಂಸ್ಥೆಗಳಿಗೆ ಕಾರ್ಯಕ್ರಮ ಮಾಡಿಕೊಡುತ್ತಾರೆ. ಮಹಿಳೆಯರ ಸ್ವಸಹಾಯ ಸಂಘ, ರಕ್ತನಿಧಿ, ವಿಶೇಷ ಮಕ್ಕಳ ಶಾಲೆ, ಊರಿನ ಗ್ರಂಥಾಲಯ, ಪರಿಸರ ಸಂಘಟನೆ, ಹೀಗೆ. ಕೆಲವರಿಗೆ ಇದು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕೆಲಸ. ವರ್ಷಕ್ಕೆ 120 ತಾಸು ಸೇವೆ ಆಗಬೇಕಲ್ವಾ, ಅದರಲ್ಲಿ ಇದೂ ಸೇರುತ್ತದೆ. ಬಿಕಾಂ, ಬಿಬಿಎ ಮಕ್ಕಳಿಗೆ ಪ್ರಾಜೆಕ್ಟ್.

ಕೆಲವು ವರ್ಷಗಳ ಹಿಂದೆ ಮೀನು ಮಾರುವ ಮಹಿಳೆಯರ ಒಂದು ಸಂಘಕ್ಕೆ ಆರೋಗ್ಯ ತಪಾಸಣೆ ಶಿಬಿರ ಮಾಡಿದೆವು. ಡಾಕ್ಟರು ಬಂದರು. ಶಾಮಿಯಾನ ಬಂತು, 200 ಕುರ್ಚಿ ಬಂತು. ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆ. ಬಂದವರು 17 ಮಂದಿ. ಆ ಹೊತ್ತಿಗೆ ಉಳಿದವರೆಲ್ಲ ಪೇಟೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ವ್ಯಾಪಾರ ನಡೆಯುವುದೇ ಆಗ. ಸಂಜೆ ಸಂಘದ ಅಕ್ಕ ಒಬ್ಬರು ಹೇಳಿದರು, "ಒಂದು ಮಾತು ಕೇಳಿದ್ರೆ ನಾಲ್ಕು ಗಂಟೆ ಮೇಲೆ ಇಡಿ ಅಂತಿದ್ವಿ. ನೀವು ಕೇಳಲೇ ಇಲ್ಲ." ತಪ್ಪು ನನ್ನದೇ. ತಾರೀಕು, ಸಮಯ ಎರಡನ್ನೂ ನಾನು ನನ್ನ ಟೈಮ್‌ಟೇಬಲ್ ನೋಡಿ ಇಟ್ಟಿದ್ದೆ.

ಅಂದಿನಿಂದ ನಮ್ಮ ರೀತಿ ಬದಲಾಯಿತು. ಈಗ ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಯಾರ ಜೊತೆ ಸೇರಬೇಕು

ದೊಡ್ಡ ಹೆಸರಿನ ಸಂಸ್ಥೆಯನ್ನೇ ಹುಡುಕಬೇಡಿ. ನಿಮ್ಮ ಕಾಲೇಜಿನಿಂದ ಅರ್ಧ ತಾಸಿನ ಬಸ್ ದಾರಿಯೊಳಗೆ ಇರುವವರನ್ನು ನೋಡಿ. ತಯಾರಿಗೆ ಕನಿಷ್ಠ ಐದಾರು ಸಲ ಹೋಗಿ ಬರಬೇಕಾಗುತ್ತದೆ. ಕಾರವಾರದಲ್ಲಿ ಓದುವವರು ಜೋಯಿಡಾದ ಹಳ್ಳಿಯೊಂದನ್ನು ಆರಿಸಿಕೊಂಡರೆ ಎರಡನೇ ಭೇಟಿಗೇ ಉತ್ಸಾಹ ಇಳಿಯುತ್ತದೆ.

ಆ ಸಂಸ್ಥೆಯಲ್ಲಿ ನಿಮ್ಮ ಫೋನ್ ಎತ್ತುವ ಒಬ್ಬರು ಇರಬೇಕು. ಅಧ್ಯಕ್ಷರೇ ಆಗಬೇಕಿಲ್ಲ. ದಿನವೂ ಬಾಗಿಲು ತೆಗೆದು ಕಸ ಗುಡಿಸುವವರು, ಲೆಕ್ಕ ಬರೆಯುವವರು, ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಇವರಲ್ಲಿ ಒಬ್ಬರಾದರೂ ಸರಿ. ಕೆಲಸ ಸಾಗುವುದು ಅವರಿಂದ.

ಮೊದಲ ಭೇಟಿ

ಮೂರೇ ಜನ ಹೋಗಿ. ಹದಿನೈದು ಜನ ಒಟ್ಟಿಗೆ ನುಗ್ಗಿದರೆ ಅವರು ಚಹಾ ಮಾಡುವುದರಲ್ಲೇ ದಣಿಯುತ್ತಾರೆ. ಒಬ್ಬರು ಮಾತಾಡಿ, ಒಬ್ಬರು ಬರೆದುಕೊಳ್ಳಿ, ಇನ್ನೊಬ್ಬರು ಜಾಗ ನೋಡಿ. ಕಾರವಾರದ ಕಡೆ ಆದರೆ ಆ ಮೂವರಲ್ಲಿ ಒಬ್ಬರಿಗಾದರೂ ಕೊಂಕಣಿ ಬರಲಿ. ಜನ ತಮ್ಮ ಕಷ್ಟವನ್ನು ಮನೆ ಮಾತಿನಲ್ಲೇ ಸರಿಯಾಗಿ ಹೇಳುತ್ತಾರೆ.

"ನಾವು ಯಾವ ಕಾರ್ಯಕ್ರಮ ಮಾಡಲಿ?" ಎಂದು ನೇರವಾಗಿ ಕೇಳಬೇಡಿ. ಹಾಗೆ ಕೇಳಿದರೆ "ನಿಮಗೆ ಅನುಕೂಲ ಆದದ್ದು ಮಾಡಿ ಮಕ್ಕಳೇ" ಎನ್ನುತ್ತಾರೆ. ನಮ್ಮ ಕಡೆಯ ಸಂಕೋಚ ಅದು. ಬದಲಿಗೆ ದಿನಚರಿ ಕೇಳಿ. ಬೆಳಿಗ್ಗೆಯಿಂದ ಸಂಜೆ ತನಕ ಇಲ್ಲಿ ಏನೇನು ನಡೆಯುತ್ತದೆ? ಯಾವ ತಿಂಗಳು ಕೆಲಸ ಜಾಸ್ತಿ? ಹೋದ ವರ್ಷ ಯಾರಾದರೂ ಬಂದು ಕಾರ್ಯಕ್ರಮ ಮಾಡಿದ್ದರಾ? ಅದರಿಂದ ನಿಮಗೆ ಏನು ಸಿಕ್ಕಿತು? ಅವರು ಹೋದ ಮೇಲೆ ನಿಮ್ಮ ತಲೆಯ ಮೇಲೆ ಏನು ಉಳಿಯಿತು?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಹೀಗೆ ಕೇಳಿದಾಗ ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಹಿಂದೆ ಬಂದ ತಂಡವೊಂದು ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕಿ, ಬಲೂನು ಒಡೆಸಿ, ಮಕ್ಕಳನ್ನು ಕುಣಿಸಿ ಹೋಗಿತ್ತು. ಆ ಸದ್ದಿಗೆ ಮೂವರು ಮಕ್ಕಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ನಮ್ಮ ಹುಡುಗರ ಮನಸ್ಸಿನಲ್ಲೂ ಸ್ಪೀಕರ್, ಬಲೂನು ಎರಡೂ ಇದ್ದವು. ಅಲ್ಲೇ ಕೈಬಿಟ್ಟರು. ಮೈಕ್ ಇಲ್ಲದೆ, ಐದೈದು ಮಕ್ಕಳ ಗುಂಪಿನಲ್ಲಿ ಮಣ್ಣಿನ ಕೆಲಸ, ಬಣ್ಣದ ಕೆಲಸ ಮಾಡಿದರು. ಒಂದು ಗುಂಪಿಗೆ ಇಬ್ಬರು ವಿದ್ಯಾರ್ಥಿಗಳು. ಯಾವ ಮಗುವಿಗೆ ಯಾವುದು ಇಷ್ಟ, ಯಾವುದು ಹೆದರಿಕೆ ಎಂದು ಟೀಚರ್ ಮೊದಲೇ ಹೇಳಿಕೊಟ್ಟಿದ್ದರು.

ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಭೇಟಿ ಮುಗಿಸಿ ಬಂದ ಸಂಜೆಯೇ ಕೂತು ಬರೆಯಿರಿ. "ಜಾಗೃತಿ ಮೂಡಿಸುವುದು" ಎಂದು ಬರೆದರೆ ಅದು ಗುರಿಯಲ್ಲ. ಕಾರ್ಯಕ್ರಮ ಮುಗಿದ ಮಾರನೇ ದಿನ ಆ ಸಂಸ್ಥೆಯಲ್ಲಿ ಏನು ಬದಲಾಗಿರಬೇಕು? ಗ್ರಂಥಾಲಯಕ್ಕೆ ಹೊಸ ಸದಸ್ಯರು ಸೇರಿರಬೇಕಾ? ಸಂಘದ ಉಪ್ಪಿನಕಾಯಿಗೆ ಹೊಸ ಗಿರಾಕಿ ಸಿಕ್ಕಿರಬೇಕಾ? ಅಳೆಯಲು ಬರುವಂಥದ್ದನ್ನು ಬರೆಯಿರಿ. ಆ ಸಾಲನ್ನು ಸಂಸ್ಥೆಯವರಿಗೆ ಓದಿ ಹೇಳಿ ಹೌದಾ ಅಲ್ವಾ ಕೇಳಿ.

ರಕ್ತದಾನ ಶಿಬಿರದ ಉದಾಹರಣೆ ಕೊಡುತ್ತೇನೆ. ಕಾಲೇಜುಗಳು ಹೆಚ್ಚಾಗಿ ಮಾಡುವ ಕಾರ್ಯಕ್ರಮ ಇದೇ. ಮಕ್ಕಳು "ನೂರು ಯೂನಿಟ್ ಮಾಡೋಣ ಸರ್" ಎಂದು ಹುರುಪಿನಲ್ಲಿ ಹೊರಡುತ್ತಾರೆ. ಆದರೆ ರಕ್ತನಿಧಿಯವರನ್ನು ಕೇಳಿ ನೋಡಿ. ಸಾಮಾನ್ಯ ಚೀಲದಲ್ಲಿ ರಕ್ತ ಸುಮಾರು 35 ದಿನ ಇರುತ್ತದೆ. ಅದರಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದೇ ದಿನ. ಚಿಕ್ಕ ಊರಿನ ರಕ್ತನಿಧಿಗೆ ಒಂದೇ ದಿನ ನೂರು ಚೀಲ ಬಂದರೆ ಎಲ್ಲವೂ ಸಕಾಲದಲ್ಲಿ ಬಳಕೆ ಆಗುತ್ತದೆ ಎಂದು ಹೇಳಲಾಗದು. ಅವರಿಗೆ ನಲವತ್ತು ಇವತ್ತು, ನಲವತ್ತು ಎರಡು ತಿಂಗಳ ಮೇಲೆ ಸಿಕ್ಕರೆ ಹೆಚ್ಚು ಉಪಕಾರ. ಪರೀಕ್ಷೆ, ರಜೆ ಇರುವಾಗ ಕಾಲೇಜು ಶಿಬಿರಗಳೂ ನಿಲ್ಲುತ್ತವೆ. ಆಗಲೇ ಕೊರತೆ ಆಗುವುದು. ಹಾಗಾಗಿ ಸಂಖ್ಯೆಯನ್ನು ಅವರೇ ಹೇಳಲಿ. ನಿಮ್ಮ ಪೋಸ್ಟರ್‌ನಲ್ಲಿ ದೊಡ್ಡ ಅಂಕಿ ಬೇಕೆಂಬ ಆಸೆ ಬಿಡಿ.

ದಾನಿಗಳ ಪಟ್ಟಿ ಮಾಡುವಾಗಲೇ ನಿಯಮ ಹೇಳಿಬಿಡಿ. 18 ವರ್ಷ ತುಂಬಿರಬೇಕು, ತೂಕ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಹಿಂದೆ ಕೊಟ್ಟವರಾದರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಪದವಿ ಮೊದಲ ವರ್ಷದ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಮುಂದೆ ವಾಪಸ್ ಕಳಿಸುವುದು ಬೇಡ. ಹಿಮೋಗ್ಲೋಬಿನ್ ಕಡಿಮೆ ಬಂದ ಹುಡುಗಿಯರಿಗೆ ಡಾಕ್ಟರ ಹತ್ತಿರ ಎರಡು ಮಾತು ಆಡುವ ಅವಕಾಶ ಮಾಡಿಕೊಡಿ. ಶಿಬಿರದಿಂದ ಆಗುವ ಒಳ್ಳೆಯದರಲ್ಲಿ ಅದೂ ಒಂದು.

ಒಂದು ಪುಟದ ಒಪ್ಪಂದ

ವಕೀಲರ ಪತ್ರ ಬೇಡ. ಕನ್ನಡದಲ್ಲಿ ಒಂದೇ ಪುಟ. ಯಾರು ಯಾವ ಕೆಲಸ ಮಾಡುತ್ತಾರೆ, ಯಾವ ಖರ್ಚು ಯಾರದು, ಮಳೆ ಬಂದರೆ ಏನು, ಫೋಟೋ ಯಾರು ತೆಗೆಯಬಹುದು, ಎಲ್ಲಿ ಹಾಕಬಹುದು, ಬ್ಯಾನರ್‌ನಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ. ಹೆಸರಿನ ಕ್ರಮ ಚಿಕ್ಕ ವಿಷಯ ಅನಿಸುತ್ತದೆ. ಆದರೆ ಜಗಳ ಶುರುವಾಗುವುದು ಅಲ್ಲಿಂದಲೇ. ನನ್ನ ಮಟ್ಟಿಗೆ ಸಂಸ್ಥೆಯ ಹೆಸರು ಮೇಲೆ, ದೊಡ್ಡದಾಗಿ. ಕಾಲೇಜಿನ ಹೆಸರು ಕೆಳಗೆ, ಸಹಕಾರ ಎಂದು.

ಮಕ್ಕಳು, ರೋಗಿಗಳು, ವೃದ್ಧಾಶ್ರಮದ ಹಿರಿಯರು ಇರುವ ಕಡೆ ಫೋಟೋ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮಕ್ಕಳದಾದರೆ ತಂದೆ ತಾಯಿಯ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಹಣ್ಣು ಕೊಡುವಾಗ ಕೈ ಮುಂದೆ ಚಾಚಿದ ಅಜ್ಜಿಯ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಬರುವುದು ಬೇಡ. ಅವರ ಮಕ್ಕಳೋ ನೆಂಟರೋ ನೋಡುತ್ತಾರೆ ಎಂಬುದನ್ನು ಯೋಚಿಸಿ.

ತಾರೀಕು ಇಡುವುದು

ನಮ್ಮ ಜಿಲ್ಲೆಯಲ್ಲಿ ತಾರೀಕು ಇಡುವಾಗ ನಾಲ್ಕು ಕ್ಯಾಲೆಂಡರ್ ನೋಡಬೇಕು. ಒಂದು ವಿಶ್ವವಿದ್ಯಾಲಯದ್ದು, ಒಂದು ಮಳೆಯದ್ದು, ಒಂದು ಕೆಲಸದ್ದು, ಒಂದು ಹಬ್ಬ ಜಾತ್ರೆಯದ್ದು.

ವಿಶ್ವವಿದ್ಯಾಲಯದ್ದು ಸುಲಭ. ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳಿರುವಾಗ ಯಾವ ಕಾರ್ಯಕ್ರಮವೂ ಬೇಡ.

ಮಳೆ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಾಂಗಣದ ಕೆಲಸ ನಂಬುವಂತಿಲ್ಲ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಅದೂ ಎಷ್ಟೋ ಸಲ ಹಿಂದಿನ ದಿನ ಸಂಜೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು, 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಮಳೆಗಾಲದ ಕಾರ್ಯಕ್ರಮಕ್ಕೆ ಸಂಪನ್ಮೂಲ ವ್ಯಕ್ತಿ ನದಿಯ ಇದೇ ದಡದಲ್ಲಿ, ಘಟ್ಟದ ಇದೇ ಬದಿಯಲ್ಲಿ ಇರುವವರೇ ಆಗಬೇಕು. ಕುಮಟಾದ ಕಾರ್ಯಕ್ರಮಕ್ಕೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಅತಿಥಿಯನ್ನು ಜುಲೈನಲ್ಲಿ ಕರೆಯಬೇಡಿ. ಅವರ ಜೀವಕ್ಕೆ ನಾವು ಹೊಣೆ.

ಕೆಲಸದ ಕ್ಯಾಲೆಂಡರ್ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಮೀನುಗಾರರ ಕಡೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಜನ ಮನೆಯಲ್ಲಿ ಸಿಗುತ್ತಾರೆ. ತರಬೇತಿ, ತಪಾಸಣೆ, ಮಾತುಕತೆಗೆ ಒಳ್ಳೆಯ ಸಮಯ, ಒಳಾಂಗಣ ಸಿಕ್ಕರೆ. ಆದರೆ ಅದೇ ಹೊತ್ತಿಗೆ ಕೈಯಲ್ಲಿ ಕಾಸು ಕಡಿಮೆ. ವಂತಿಗೆ ಕೇಳಬೇಡಿ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ಯಾರೂ ಸಿಗುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಆದರೆ ಅಡಿಕೆ ನೋಡಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಚಳಿಗಾಲದಲ್ಲಿ ಅಡಿಕೆ ಗೊನೆಯ ಕೊಯ್ಲು, ರಾತ್ರಿ ತನಕ ಅಡಿಕೆ ಸುಲಿಯುವ ಕೆಲಸ. ಡಿಸೆಂಬರ್‌ನಲ್ಲಿ ರೈತರ ಸಭೆ ಕರೆದರೆ ಅಂಗಳ ಬಿಟ್ಟು ಬರುವವರು ಯಾರು?

ಹಬ್ಬಗಳ ವಿಷಯ ಊರವರೇ ಹೇಳುತ್ತಾರೆ. ಹೋಳಿಯ ಹೊತ್ತಿಗೆ ಅಂಕೋಲಾ, ಕುಮಟಾ ಕಡೆ ಸುಗ್ಗಿ ಕುಣಿತ. ಶಿವರಾತ್ರಿಗೆ ಗೋಕರ್ಣ ತುಂಬಿರುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಶಾಮಿಯಾನ, ಕುರ್ಚಿ, ಬಾಡಿಗೆ ಗಾಡಿ ಹುಡುಕುವುದು ವ್ಯರ್ಥ.

ಒಂದು ತಾರೀಕಿನ ಜೊತೆ ಇನ್ನೊಂದು ಬದಲಿ ತಾರೀಕನ್ನೂ ಅವತ್ತೇ ನಿಶ್ಚಯಿಸಿ. ಮಾತಿನಲ್ಲಿ ಅಲ್ಲ, ಒಪ್ಪಂದದ ಪುಟದಲ್ಲೇ ಬರೆಯಿರಿ.

ಜಾಗ, ಅನುಮತಿ, ಪತ್ರಗಳು

ಸಂಸ್ಥೆಯ ಸ್ವಂತ ಜಾಗ ಇದ್ದರೆ ಅಲ್ಲೇ ಮಾಡಿ, ಇಕ್ಕಟ್ಟಾದರೂ. ಅವರ ಅಂಗಳಕ್ಕೆ ಊರವರು ಬಂದರೆ ಮುಂದೆಯೂ ಬರುತ್ತಾರೆ. ಕಾಲೇಜಿನ ಸಭಾಭವನದಲ್ಲಿ ಮಾಡಿದರೆ ಕಾಲೇಜಿಗೆ ಬಂದು ಹೋಗುತ್ತಾರೆ, ಅಷ್ಟೇ.

ಜಾಗ ನೋಡಲು ಹೋಗುವುದು ಕಾರ್ಯಕ್ರಮ ನಡೆಯುವ ಹೊತ್ತಿಗೇ ಇರಲಿ. ಸಂಜೆ ಐದರ ಕಾರ್ಯಕ್ರಮಕ್ಕೆ ಬೆಳಿಗ್ಗೆ ಹೋಗಿ ನೋಡಿದರೆ ಬಿಸಿಲು ಯಾರ ಮುಖಕ್ಕೆ ಹೊಡೆಯುತ್ತದೆ ಎಂದು ಗೊತ್ತಾಗುವುದಿಲ್ಲ. ಪಡುವಣ ಕಡಲಿನ ಊರು ನಮ್ಮದು. ಪೂರ್ವಕ್ಕೆ ವೇದಿಕೆ ಕಟ್ಟಿದರೆ ವೇದಿಕೆಯಲ್ಲಿರುವವರ ಕಣ್ಣಿಗೆ ಬಿಸಿಲು, ಪಶ್ಚಿಮಕ್ಕೆ ಕಟ್ಟಿದರೆ ಕೂತವರ ಕಣ್ಣಿಗೆ. ಸಾಧ್ಯವಾದರೆ ಉತ್ತರಕ್ಕೋ ದಕ್ಷಿಣಕ್ಕೋ ಕಟ್ಟಿ. ಶೌಚಾಲಯ, ನೀರು, ಗಾಲಿಕುರ್ಚಿ ಹೋಗುವ ದಾರಿ, ಕೊನೆ ಬಸ್ಸಿನ ಸಮಯ, ಇವನ್ನು ಬರೆದುಕೊಳ್ಳಿ. ಹೆಸ್ಕಾಂ ಕಚೇರಿಗೆ ಫೋನ್ ಮಾಡಿ ಆ ದಿನ ದುರಸ್ತಿಗೆ ಕರೆಂಟ್ ತೆಗೆಯುತ್ತಾರಾ ಕೇಳಿ.

ಪತ್ರಗಳಿಗೆ ಕನಿಷ್ಠ 15 ದಿನ ಇಟ್ಟುಕೊಳ್ಳಿ. ಸಾರ್ವಜನಿಕ ಜಾಗವಾದರೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆ, ಪುರಸಭೆ. ಹೊರಗೆ ಮೈಕ್ ಹಾಕುವುದಾದರೆ ಪೊಲೀಸ್ ಠಾಣೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಮೆ ಮೊಟ್ಟೆ ಇಡುವ ತೀರ ಇವುಗಳ ಹತ್ತಿರ ಆದರೆ ಅರಣ್ಯ ಇಲಾಖೆ. ಹೊನ್ನಾವರದ ಕಾಸರಕೋಡಿನಂಥ, ಸ್ವಚ್ಛತೆಗೆ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಬ್ಲೂ ಫ್ಲ್ಯಾಗ್ ಕಡಲತೀರದಲ್ಲಿ ಅಲ್ಲಿನ ನಿರ್ವಹಣೆಯವರನ್ನು ಕೇಳದೆ ಒಂದು ಕಂಬವನ್ನೂ ನೆಡಬೇಡಿ. ಕಾರವಾರದ ಸುತ್ತ ಡ್ರೋನ್ ವಿಚಾರ ಬಿಟ್ಟೇಬಿಡಿ. ನೌಕಾನೆಲೆ ಇರುವ ಊರು ಅದು.

ಪತ್ರ ಕೊಟ್ಟ ಕಡೆಯೆಲ್ಲ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. "ಸಾಹೇಬ್ರಿಗೆ ಹೇಳಿದೀವಿ" ಎಂಬುದು ದಾಖಲೆ ಆಗುವುದಿಲ್ಲ.

ಹಣ

ವಿದ್ಯಾರ್ಥಿಯ ಫೋನ್‌ಪೇಗೆ ಒಂದು ರೂಪಾಯಿಯೂ ಬರಬಾರದು. ಸಂಗ್ರಹ ಆಗುವ ಹಣ ಸಂಸ್ಥೆಯ ಖಾತೆಗೋ ಕಾಲೇಜಿನ ಖಾತೆಗೋ ಹೋಗಬೇಕು, ಅದಕ್ಕೆ ನಂಬರ್ ಇರುವ ರಸೀದಿ ಕೊಡಬೇಕು. ಒಳ್ಳೆಯ ಹುಡುಗ, ಹುಡುಗಿಯರ ಮೇಲೆ ಸುಮ್ನೆ ಅನುಮಾನ ಬಂದು ಅವರು ಅತ್ತದ್ದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಶಾಮಿಯಾನ, ಮೈಕ್, ಊಟ ಮೂರಕ್ಕೂ ಕನಿಷ್ಠ ಇಬ್ಬರಿಂದ ಕೊಟೇಶನ್ ತಗೊಳ್ಳಿ. ಸಾಗಾಟ, ಹಮಾಲಿ ಅದರಲ್ಲಿ ಸೇರಿದೆಯಾ ಕೇಳಿ. ಬಿಲ್ ಸಿಗದ ಚಿಲ್ಲರೆ ಖರ್ಚಿಗೆ ವೋಚರ್ ಬರೆದು ಸಹಿ ಹಾಕಿಸಿ. ಒಟ್ಟು ಬಜೆಟ್‌ನಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮುಟ್ಟದೆ ಇಡಿ. ಕೊನೆ ಗಳಿಗೆಯಲ್ಲಿ ಜನರೇಟರ್ ತರಿಸಬೇಕಾಗಿ ಬರುತ್ತದೆ.

ಪ್ರಾಯೋಜಕರನ್ನು ಹುಡುಕುವಾಗ ಸಂಸ್ಥೆಯನ್ನು ಕೇಳಿಯೇ ಮುಂದುವರಿಯಿರಿ. ಹಣ ಕೊಡುವವರು ಯಾರಾದರೂ ಆಗಬಹುದು ಎಂದಲ್ಲ. ತಂಬಾಕಿನ ಕಂಪನಿ ಹೆಸರು ಹಾಕುವುದು ಕಾನೂನಿಗೇ ವಿರುದ್ಧ. ಇನ್ನು ಸ್ವಸಹಾಯ ಸಂಘದವರ ಜೊತೆ ಜಗಳ ಆಡಿದ ಅಂಗಡಿಯವರ ಹೆಸರು ಅವರದೇ ಬ್ಯಾನರ್‌ನಲ್ಲಿ ಬಂದರೆ ಹೇಗಿರುತ್ತದೆ?

ಕೆಲಸ ಹಂಚುವುದು

ಸಮಿತಿಗಳ ಹೆಸರು ಉದ್ದ ಮಾಡಬೇಡಿ. ಒಂದು ಕೆಲಸಕ್ಕೆ ಒಬ್ಬರ ಹೆಸರು, ಅವರ ಜೊತೆ ಬದಲಿ ಒಬ್ಬರು. "ಎಲ್ಲರೂ ಸೇರಿ ನೋಡ್ಕೋತೀವಿ" ಎಂದರೆ ಯಾರೂ ನೋಡುವುದಿಲ್ಲ. ಸಂಸ್ಥೆಯ ಜೊತೆ ಮಾತಾಡುವವರು ಒಬ್ಬರೇ ಇರಲಿ. ಐದು ಜನ ಐದು ಸಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರೆ ಯಾರಿಗಾದರೂ ಬೇಸರ ಬರುತ್ತದೆ.

ಹಳ್ಳಿಯಿಂದ ಬರುವ ಮಕ್ಕಳಿಗೆ ಸಂಜೆಯ ಕೆಲಸ ಕೊಡುವ ಮೊದಲು ಬಸ್ ಕೇಳಿ. ಕೊನೆ ಬಸ್ ತಪ್ಪಿದರೆ ಆ ಹುಡುಗಿ ಎಲ್ಲಿ ಉಳಿಯುತ್ತಾಳೆ? ಮಾತು ಕಡಿಮೆ ಆಡುವವರನ್ನು ಬರೀ ಕುರ್ಚಿ ಹೊರಲು ಹಚ್ಚಬೇಡಿ. ಲೆಕ್ಕದಲ್ಲಿ, ಪಟ್ಟಿಯಲ್ಲಿ, ದಾನಿಗಳ ಪಕ್ಕ ಕೂತು ಧೈರ್ಯ ಹೇಳುವುದರಲ್ಲಿ ಅವರಷ್ಟು ಚೆನ್ನಾಗಿ ಕೆಲಸ ಮಾಡುವವರನ್ನು ನಾನು ಕಂಡಿಲ್ಲ.

ವೇದಿಕೆ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಸಭೆ ಕಾರ್ಯಕ್ರಮವೇ ಒಂದೂವರೆ ತಾಸು ತಿನ್ನುತ್ತದೆ. ಕರಾವಳಿಯ ಸೆಖೆಯಲ್ಲಿ ಶಾಮಿಯಾನದ ಕೆಳಗೆ ಕೂತ ಅಜ್ಜಂದಿರ ಗತಿ ಏನು? ಶಿಬಿರಕ್ಕೆ ಬಂದ ಡಾಕ್ಟರು ವೇದಿಕೆಯಲ್ಲಿ ಸುಮ್ಮನೆ ಕೂತಿರುತ್ತಾರೆ, ಕೆಳಗೆ ರೋಗಿಗಳು ಕಾಯುತ್ತಿರುತ್ತಾರೆ.

ಸಭೆ 25 ನಿಮಿಷ ಸಾಕು. ವೇದಿಕೆಯ ಮೇಲೆ ನಾಲ್ವರು. ಅವರಲ್ಲಿ ಇಬ್ಬರು ಸಂಸ್ಥೆಯವರೇ. ಮುಖ್ಯ ಮಾತು ಸಂಸ್ಥೆಯ ಕೆಲಸ ಮಾಡುವವರದು, ಅವರಿಗೆ ಬರುವ ಭಾಷೆಯಲ್ಲಿ. ಕೊಂಕಣಿಯಲ್ಲಿ ಮಾತಾಡಿದರೆ ಏನು ಕಡಿಮೆ ಆಯಿತು? ಅತಿಥಿಗಳಿಗೆ ಕೊಡುವ ಆಹ್ವಾನದ ಪತ್ರದಲ್ಲೇ "ನಿಮ್ಮ ಮಾತಿಗೆ 5 ನಿಮಿಷ" ಎಂದು ವಿನಯದಿಂದ ಬರೆಯಿರಿ. ನಾನು ಕಂಡ ಮಟ್ಟಿಗೆ ಯಾರೂ ಬೇಸರ ಮಾಡಿಕೊಂಡಿಲ್ಲ. ಮೊದಲೇ ಹೇಳದೆ ಮಧ್ಯದಲ್ಲಿ ಚೀಟಿ ಕೊಟ್ಟಾಗ ಮಾತ್ರ ಬೇಸರ ಆಗುತ್ತದೆ. ಶಾಲು ಹಾರದ ಬದಲು ಮುರುಗಲು (ಕೋಕಂ) ಗಿಡವೋ ಸಂಘದವರು ಮಾಡಿದ ಹಪ್ಪಳವೋ ಕೊಡಿ.

ಬಯಲಿನಲ್ಲಿ ಮೈಕ್ ಕಟ್ಟಿಸುವುದಾದರೆ ಯಕ್ಷಗಾನಕ್ಕೆ ಕಟ್ಟುವವರನ್ನು ಹುಡುಕಿ. ಭಾಗವತರ ಪದ ಕೊನೆ ಸಾಲಿನ ತನಕ ಸ್ಪಷ್ಟ ಕೇಳುವಂತೆ ಮಾಡಿದವರಿಗೆ ಕಡಲ ಗಾಳಿಯಲ್ಲಿ ಬಾಕ್ಸ್ ಯಾವ ಕಡೆ ತಿರುಗಿಸಬೇಕು ಎಂದು ಹೇಳಿಕೊಡಬೇಕಿಲ್ಲ.

ಊಟ ತಿಂಡಿ

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಅವಲಕ್ಕಿ, ಬಾಳೆಹಣ್ಣು, ಮಜ್ಜಿಗೆ ಅಥವಾ ಮುರುಗಲು ಶರಬತ್ತು ಇದ್ದರೆ ಎಲ್ಲರಿಗೂ ಆಗುತ್ತದೆ. ಅಡುಗೆ ಸಂಸ್ಥೆಯ ಮಹಿಳೆಯರೇ ಮಾಡುವುದಾದರೆ ಅವರಿಗೆ ದುಡ್ಡು ಕೊಡಿ. ಸೇವೆ ಎಂದು ಬಿಟ್ಟಿ ಮಾಡಿಸಬೇಡಿ. ತಟ್ಟೆಗೆ ಅಡಿಕೆ ಹಾಳೆ ಇದೆ, ಬಾಳೆ ಎಲೆ ಇದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ಬ್ಯಾನರ್‌ಗಳಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಮಾಡಿಸಿ, ತಾರೀಕು ಹಾಕಬೇಡಿ. ಮುಂದಿನ ವರ್ಷಕ್ಕೂ ಬರುತ್ತದೆ.

ಕಡಲ ತೀರದ ಸ್ವಚ್ಛತೆ ಆದರೆ

ಪರಿಸರ ಸಂಘಟನೆಗಳು ಹೆಚ್ಚಾಗಿ ಕೇಳುವುದು ಇದನ್ನೇ. ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಜಗತ್ತಿನ ಎಲ್ಲ ಕಡೆ ಕಡಲತೀರ ಸ್ವಚ್ಛತಾ ದಿನ. ಮಳೆಗಾಲದ ಕಡಲು ಬೇಡದ್ದನ್ನೆಲ್ಲ ದಡಕ್ಕೆ ಎಸೆದು ಹೋಗಿರುತ್ತದೆ, ಹಾಗಾಗಿ ಕೆಲಸವೂ ಇರುತ್ತದೆ.

ಸಮಯ ಇಡಬೇಕಾದದ್ದು ಗಡಿಯಾರ ನೋಡಿ ಅಲ್ಲ, ಕಡಲು ನೋಡಿ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕೊಂಕಣಿ ಮೀನುಗಾರರು ಉಬ್ಬರಕ್ಕೆ ಭರತಿ, ಇಳಿತಕ್ಕೆ ಸುಕತಿ ಎನ್ನುತ್ತಾರೆ. ತಿಥಿ ಹೇಳಿದರೆ ಸಾಕು, ಸುಕತಿ ಎಷ್ಟು ಹೊತ್ತಿಗೆ ಎಂದು ಅವರು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ಎಂಟರ ಸುಮಾರಿಗೆ ನೀರು ಪೂರ್ತಿ ಇಳಿಯುವ ದಿನ ಆರಿಸಿ, ಆರೂವರೆಗೆ ಶುರು ಮಾಡಿ, ಎಂಟೂವರೆಗೆ ಮುಗಿಸಿ. ಆಮೇಲೆ ಬಿಸಿಲು.

ಆರಿಸಿದ ಕಸ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಸಿಗದೆ ಕೆಲಸ ಶುರು ಮಾಡಬೇಡಿ. ಚೀಲಗಳನ್ನು ದಡದಲ್ಲಿ ಬಿಟ್ಟು ಬಂದರೆ ರಾತ್ರಿ ನಾಯಿ ಎಳೆದು, ನೀರು ಬಂದು ಮತ್ತೆ ಎಲ್ಲ ಹರಡುತ್ತದೆ. ಪಂಚಾಯಿತಿ ಅಥವಾ ನಗರಸಭೆಯ ಗಾಡಿ ಎಷ್ಟು ಗಂಟೆಗೆ, ಎಲ್ಲಿಗೆ ಬರುತ್ತದೆ, ಡ್ರೈವರ್ ಫೋನ್ ನಂಬರ್ ಏನು, ಇಷ್ಟು ಕೈಯಲ್ಲಿರಲಿ. ಬಾಟಲಿ, ಗಾಜು, ಬಲೆಯ ತುಂಡು, ಚಪ್ಪಲಿ ಬೇರೆ ಬೇರೆ ಚೀಲದಲ್ಲಿ ಹಾಕಿ. ತೂಕ ಬರೆದಿಡಿ. ಸಂಘಟನೆಗೆ ಮುಂದೆ ಬೇಕಾಗುವುದು ಆ ಲೆಕ್ಕ. ಮರಳ ಮೇಲೆ ಹಬ್ಬಿ ನೇರಳೆ ಹೂ ಬಿಡುವ ಬಳ್ಳಿಯನ್ನು ಕೀಳಬೇಡಿ. ಅದು ಕಸ ಅಲ್ಲ, ಮರಳನ್ನು ಹಿಡಿದಿಡುವುದೇ ಅದು. ಒಣಗಲು ಹಾಕಿದ ಬಲೆ, ಮೀನು ಇವುಗಳ ಹತ್ತಿರ ಹೋಗುವ ಮೊದಲು ಅಲ್ಲಿನವರನ್ನು ಕೇಳಿ.

ಯಾರೂ ನೀರಿಗೆ ಇಳಿಯಬಾರದು. ಮೊಣಕಾಲ ತನಕವೂ ಬೇಡ, ಕಾರ್ಯಕ್ರಮ ಮುಗಿದ ಮೇಲೂ ಬೇಡ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ನಾಲ್ಕು ಹೆಣ್ಣುಮಕ್ಕಳು ಕಡಲಿನಲ್ಲಿ ತೀರಿಹೋದರು. ಕಡಲೂರಿನ ಮಕ್ಕಳಿಗೆ ಈಜು ಗೊತ್ತು ಎಂಬ ಧೈರ್ಯ ಇರುತ್ತದೆ. ಅವರ ಪಕ್ಕ ನಿಂತ ಸಿದ್ದಾಪುರದ ಹುಡುಗನಿಗೆ ಗೊತ್ತಿರುವುದಿಲ್ಲ. ಇಬ್ಬರು ನೀರಿಗೆ ಮುಖ ಮಾಡಿ ನಿಂತು ಕಾಯುವುದೇ ಕೆಲಸ ಎಂದು ಹೆಸರು ಬರೆದು ಕೊಡಿ. ಶುರುವಿನಲ್ಲಿ ತಲೆ ಎಣಿಸಿ, ಬಸ್ ಹತ್ತುವಾಗ ಮತ್ತೆ ಎಣಿಸಿ.

ಆ ದಿನ

ಎರಡು ತಾಸು ಮೊದಲು ಹೋಗಿ. ಸಂಸ್ಥೆಯ ಮುಖ್ಯಸ್ಥರನ್ನು ಕಂಡು ನಮಸ್ಕಾರ ಹೇಳಿ. ಹೋದ ಕೂಡಲೇ ಕುರ್ಚಿ ಜೋಡಿಸಲು ಶುರು ಮಾಡಬೇಡಿ, ಅದು ಅವರ ಮನೆ. ಸಮಯದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಫೋನ್ ನೆಟ್‌ವರ್ಕ್ ಇಲ್ಲದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ, ವಾಟ್ಸಾಪ್ ನಂಬಬೇಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹತ್ತಿರ ಇದೆ, 108ಕ್ಕೆ ಯಾರು ಫೋನ್ ಮಾಡುತ್ತಾರೆ, ಆಂಬುಲೆನ್ಸ್‌ಗೆ ದಾರಿ ತೋರಿಸಲು ಯಾರು ರಸ್ತೆಗೆ ಓಡುತ್ತಾರೆ, ಹೇಳಿಟ್ಟಿರಿ.

ಜನ ಕಡಿಮೆ ಬಂದರೆ ಖಾಲಿ ಕುರ್ಚಿ ತೆಗೆದು ವೃತ್ತಾಕಾರ ಮಾಡಿ. ಬಂದವರ ಜೊತೆ ಮನಸಾರೆ ಮಾತಾಡಿ. ಅತಿಥಿ ತಡವಾದರೆ ಕಾಯಬೇಡಿ, ಶುರು ಮಾಡಿ. ಬೇಗ ಬಂದವರಿಗೆ ಶಿಕ್ಷೆ ಆಗಬಾರದು.

ಮುಗಿದ ಮೇಲೆ ಕೊನೆಯ ಲೋಟ ತೊಳೆಯುವ ತನಕ ನಿಮ್ಮವರು ಇಬ್ಬರು ಅಲ್ಲಿ ಇರಬೇಕು. ಬಾಡಿಗೆ ಕುರ್ಚಿ ಎಣಿಸಿ ವಾಪಸ್ ಕಳಿಸಿ.

ಮಾರನೇ ದಿನದಿಂದ

ಒಂದು ವಾರದೊಳಗೆ ಲೆಕ್ಕ ಕೊಡಿ, ಉಳಿದ ಹಣದ ಜೊತೆ. ಎರಡು ಪುಟದ ವರದಿ ಸಾಕು: ಏನು ಅಂದುಕೊಂಡಿದ್ದೆವು, ಏನಾಯಿತು, ಎಷ್ಟು ಜನ, ಎಷ್ಟು ಖರ್ಚು. ತಪ್ಪಾದದ್ದನ್ನೂ ಬರೆಯಿರಿ. ಬಂದವರ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಸಂಸ್ಥೆಗೆ ಸೇರಿದ್ದು. ಅದನ್ನು ಅವರಿಗೆ ಒಪ್ಪಿಸಿ, ನಿಮ್ಮ ಫೋನ್‌ನಿಂದ ಅಳಿಸಿ.

ತಿಂಗಳು ಕಳೆದ ಮೇಲೆ ಮತ್ತೆ ಆ ಮೂವರೇ ಹೋಗಿ. ಫೋಟೋ ಬೇಡ, ಬ್ಯಾನರ್ ಬೇಡ. ಮೊದಲ ದಿನ ಬರೆದ ಗುರಿಯ ಸಾಲನ್ನು ಒಟ್ಟಿಗೆ ಓದಿ, ಆಯಿತಾ ಇಲ್ಲವಾ ಕೇಳಿ. ಮೀನು ಮಾರುವ ಅಕ್ಕಂದಿರ ಸಂಘಕ್ಕೆ ನಾವು ಎರಡನೇ ಶಿಬಿರ ಮಾಡಿದ್ದು ಹೀಗೆ ಹೋದಾಗ ಆದ ಮಾತಿನಿಂದ. ಸಂಜೆ ನಾಲ್ಕೂವರೆಗೆ ಇಟ್ಟೆವು, ಜುಲೈ ತಿಂಗಳಲ್ಲಿ, ಅವರದೇ ಸಮುದಾಯ ಭವನದಲ್ಲಿ, ಸಭೆ ಇಲ್ಲದೆ. ಕುರ್ಚಿ 60 ತರಿಸಿದ್ದೆವು, ಸಾಲದೆ ಚಾಪೆ ಹಾಸಿದೆವು.

ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿ ಹಾಕಿ ಮುಂದಿನ ವರ್ಷದ ತಂಡಕ್ಕೆ ಕೊಡಿ. ಒಪ್ಪಂದ, ಸ್ವೀಕೃತಿ ಪ್ರತಿಗಳು, ಕೊಟೇಶನ್, ಲೆಕ್ಕ, ವರದಿ. ಕೊನೆಯ ಹಾಳೆಯನ್ನು ಕೈಯಲ್ಲೇ ಬರೆಯಿರಿ. ಭವನದ ಕೀಲಿ ಯಾರ ಮನೆಯಲ್ಲಿ ಇರುತ್ತದೆ, ಯಾವ ಸ್ವಿಚ್ ಒತ್ತಿದರೆ ಫ್ಯೂಸ್ ಹೋಗುತ್ತದೆ, ಯಾವ ಟೀಚರ್ ಮಧ್ಯಾಹ್ನ ಎರಡರ ಮೇಲೆ ಫೋನ್ ಎತ್ತುತ್ತಾರೆ, ಯಾವ ಅಜ್ಜಿಗೆ ಮೆಟ್ಟಿಲು ಹತ್ತಲು ಕೈ ಬೇಕು.